ದೊಡ್ಡ ಬೆಟ್ಟಕ್ಕೆ ಗಟ್ಟಿ ಸ್ನೋಬೋರ್ಡ್: ಆರಿಸುವುದು ಹೇಗೆ?

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಗೊಂಡೋಲಾದ (ತಂತಿ ಮೇಲೆ ಸಾಗುವ ಕೇಬಲ್ ಕಾರಿನ) ಎರಡನೇ ಹಂತ ಹತ್ತಿ ಹೊರಗೆ ಬಂದರೆ ಅಫರ್ವಾಟ್ ಬೆಟ್ಟದ ಹೆಗಲ ಮೇಲೆ ನಿಂತಿರುತ್ತೀರಿ. ಎತ್ತರ ಸುಮಾರು 3,950 ಮೀಟರ್. ಕೆಳಗಿನ ಗುಲ್ಮಾರ್ಗ್ ಸುಮಾರು 2,650 ಮೀಟರ್. ನಡುವಿನ 1,300 ಮೀಟರ್ ಇಳಿಜಾರಿನಲ್ಲಿ ಯಂತ್ರ ಓಡಿಸಿ ಸಮ ಮಾಡಿದ ದಾರಿ ತೀರಾ ಕಡಿಮೆ. ಒಂದು ಕಡೆ ಮೊಣಕಾಲುದ್ದ ಪುಡಿ ಹಿಮ. ಇನ್ನೊಂದು ಕಡೆ ಗಾಳಿ ಬಡಿದು ಹಪ್ಪಳದ ಹಾಗೆ ಗಟ್ಟಿಯಾದ ಪದರ. ನಿನ್ನೆ ಇಳಿದವರ ಗೆರೆಗಳು ರಾತ್ರಿ ಹೆಪ್ಪುಗಟ್ಟಿ ಆದ ಉಬ್ಬುತಗ್ಗು. ಇನ್ನೂ ಕೆಳಗೆ ಬಂದರೆ ಮರಗಳ ಕಾಡು. ಒಂದೇ ಇಳಿತದಲ್ಲಿ ಇವೆಲ್ಲ ಎದುರಾಗುತ್ತವೆ.

ಅಲ್ಲಿಗೆ ಮೊದಲ ಸಲ ಹೋದಾಗ ಬಾಡಿಗೆಗೆ ಸಿಕ್ಕ ಮೆತ್ತನೆಯ, ಅಂದರೆ ಸುಲಭವಾಗಿ ಬಗ್ಗುವ, ಸ್ನೋಬೋರ್ಡ್ (ಎರಡೂ ಪಾದ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹಲಗೆ) ತೆಗೆದುಕೊಂಡಿದ್ದೆ. ಪುಡಿ ಹಿಮದಲ್ಲಿ ಸುಖವಾಗಿತ್ತು. ಗಟ್ಟಿ ಪದರಕ್ಕೆ ಬಂದ ಕೂಡಲೇ ಬೋರ್ಡಿನ ಮೂತಿ (ಮುಂದಿನ ತುದಿ) ಪಟಪಟ ಬಡಿಯತೊಡಗಿತು, ಎಡ್ಜ್ (ಬೋರ್ಡಿನ ಅಂಚಿನ ಉಕ್ಕಿನ ಪಟ್ಟಿ) ಹಿಡಿತ ಬಿಟ್ಟಿತು, ನಾನು ತುಂಬಾ ದೂರ ಜಾರಿದೆ. ಪೆಟ್ಟಾಗಲಿಲ್ಲ, ಆದರೆ ಹೆದರಿಕೆ ಆ ದಿನವಿಡೀ ಹೋಗಲಿಲ್ಲ. ಮುಂದಿನ ವರ್ಷ ಪಟ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಅಂತ ಬರೆದಿದ್ದ ಬೋರ್ಡನ್ನೇ ಕೊಂಡೆ. ಮೂರನೇ ಇಳಿತಕ್ಕೆ ತೊಡೆಗಳು ಸೋತವು. ಕಾಡಿನೊಳಗೆ ನಿಧಾನವಾಗಿ ತಿರುಗಿಸೋಣ ಅಂದರೆ ಅದು ಕೇಳಲೇ ಇಲ್ಲ. ನನಗೆ ಬೇಕಾಗಿದ್ದ ಬೋರ್ಡ್ ಈ ಎರಡರ ನಡುವೆ ಎಲ್ಲೋ ಇತ್ತು. ಅದನ್ನು ಹುಡುಕಲು ನಾನು ಈಗ ಅನುಸರಿಸುವ ಕ್ರಮ ಇದು.

ಗಟ್ಟಿತನ ಯಾಕೆ ಬೇಕು

ವೇಗ ಜಾಸ್ತಿಯಾದಾಗ ಹಿಮದ ಪ್ರತಿ ಉಬ್ಬೂ ಬೋರ್ಡಿನ ಮೂತಿಯನ್ನು ಮೇಲಕ್ಕೆ ಬಗ್ಗಿಸುತ್ತದೆ. ಮೆತ್ತನೆಯದು ಬಗ್ಗಿ, ಚಿಮ್ಮಿ, ಮತ್ತೆ ಬಗ್ಗುತ್ತದೆ. ಆ ನಡುಕದಲ್ಲಿ ಎಡ್ಜ್ ಹಿಮವನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ಗಟ್ಟಿ ಬೋರ್ಡ್ ಉಬ್ಬನ್ನು ಸೀಳಿಕೊಂಡು ಹೋಗುತ್ತದೆ. ಬಂಡೆಯಿಂದ ಹಾರಿ ಇಳಿದಾಗಲೂ ಅಷ್ಟೇ. ಬಾಲ, ಅಂದರೆ ಬೋರ್ಡಿನ ಹಿಂದಿನ ತುದಿ, ಮೆತ್ತಗಿದ್ದರೆ ಅದು ಮಡಿಸಿಕೊಂಡು ನೀವು ಬೆನ್ನ ಮೇಲೆ ಬೀಳುತ್ತೀರಿ.

ಇದನ್ನು ಕಣ್ಣಾರೆ ನೋಡಬೇಕಾದರೆ ಸ್ವಿಟ್ಜರ್ಲೆಂಡಿನ ವರ್ಬಿಯೆಯಲ್ಲಿ 3,222 ಮೀಟರ್ ಎತ್ತರದ ಬೆಕ್ ದೆ ರಾಸ್ ಶಿಖರದಲ್ಲಿ ನಡೆಯುವ ಸ್ಪರ್ಧೆಯ ವಿಡಿಯೊ ನೋಡಿ. 1996ರಲ್ಲಿ ಶುರುವಾದಾಗ ಅದು ಸ್ನೋಬೋರ್ಡಿನವರಿಗೆ ಮಾತ್ರ ಇತ್ತು. ಸ್ಪರ್ಧೆಗೆ ಮುಂಚೆ ಆ ಮುಖದಲ್ಲಿ ಇಳಿದು ಅಭ್ಯಾಸ ಮಾಡುವಂತಿಲ್ಲ. ದೂರದಿಂದ ದುರ್ಬೀನಿನಲ್ಲಿ ನೋಡಿ ದಾರಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಹಿಮ ಹೇಗಿದೆ ಅಂತ ಖಚಿತವಾಗಿ ಗೊತ್ತಿಲ್ಲದ ಕಡೆ, ಬೋರ್ಡ್ ತಾನಾಗಿ ಅಲುಗಾಡದೆ ಇರಬೇಕು, ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಮ ಮಾಡಿದ ಇಳಿಜಾರಿನಲ್ಲಿ ಬಾಲ ಜಾರಿಸದೆ, ಎರಡೂ ಎಡ್ಜ್ ಮೇಲೆ ಸ್ವಚ್ಛ ಗೆರೆ ಬಿಡುತ್ತಾ ತಿರುಗಲು ನಿಮಗೆ ಇನ್ನೂ ಬಾರದಿದ್ದರೆ ಗಟ್ಟಿ ಬೋರ್ಡ್ ಕೊಳ್ಳಬೇಡಿ. ಒಂದು ಋತು ಮಧ್ಯಮದ್ದರಲ್ಲಿ ಕಲಿಯಿರಿ.

ಮೊದಲು ನಿಮ್ಮ ತೂಕ, ಆಮೇಲೆ ಅವರ ಅಂಕಿ

ಕಂಪನಿಗಳು ಫ್ಲೆಕ್ಸ್ ಅಂತ 1ರಿಂದ 10ರವರೆಗೆ ಅಂಕಿ ಕೊಡುತ್ತವೆ. 10 ಅಂದರೆ ತೀರಾ ಗಟ್ಟಿ. ಆದರೆ ಈ ಅಂಕಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ 7 ಇನ್ನೊಂದರ 9ಕ್ಕೆ ಸಮ ಇರಬಹುದು. ಅಂಕಿಯನ್ನು ಒಂದೇ ಕಂಪನಿಯ ಬೋರ್ಡ್‌ಗಳನ್ನು ಹೋಲಿಸಲು ಮಾತ್ರ ಬಳಸಿ.

ಅದಕ್ಕಿಂತ ಮುಖ್ಯವಾದದ್ದು ತೂಕ. ಮಲೆನಾಡಿನ ಹಳ್ಳಗಳಿಗೆ ಹಾಕುವ ಅಡಿಕೆ ಮರದ ಸಂಕ ನೆನಪು ಮಾಡಿಕೊಳ್ಳಿ. ಮಗು ದಾಟಿದರೆ ಸಂಕ ಅಲುಗುವುದೂ ಇಲ್ಲ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು ದಾಟಿದರೆ ಅದೇ ಸಂಕ ನಡುವೆ ಬಾಗುತ್ತದೆ. ಬೋರ್ಡೂ ಹಾಗೆಯೇ. 90 ಕಿಲೋ ಇರುವವರಿಗೆ ಹದವಾಗಿ ಬಗ್ಗುವುದು 60 ಕಿಲೋದವರಿಗೆ ಮರದ ಹಲಗೆ. ಆದ್ದರಿಂದ ಗೆಳೆಯರ ಬೋರ್ಡ್ ಚೆನ್ನಾಗಿದೆ ಅಂತ ಅದನ್ನೇ ಕೊಳ್ಳಬೇಡಿ. ಬೂಟು, ಬೆನ್ನಚೀಲ, ನೀರು, ಸಲಿಕೆ ಎಲ್ಲ ಸೇರಿಸಿ ತೂಕ ನೋಡಿಕೊಳ್ಳಿ. ಆಮೇಲೆ ಪ್ರತಿ ಉದ್ದಕ್ಕೆ ಕಂಪನಿ ಕೊಟ್ಟಿರುವ ತೂಕದ ಪಟ್ಟಿಯಲ್ಲಿ ನಡುಭಾಗಕ್ಕೆ ಬರುತ್ತೀರಾ ನೋಡಿ. ಪಟ್ಟಿಯ ಕೆಳತುದಿಯಲ್ಲಿದ್ದರೆ, ಅಂಕಿ 7 ಇದ್ದರೂ ನಿಮ್ಮ ಕಾಲಿಗೆ ಅದು 9ರ ಹಾಗೆ ಅನಿಸುತ್ತದೆ.

ನನ್ನ ಎರಡನೇ ಬೋರ್ಡಿನಲ್ಲಿ ಆಗಿದ್ದು ಇದೇ. ನನ್ನ ತೂಕ 62 ಕಿಲೋ. ಆ ಬೋರ್ಡ್ ಮಾಡಿದ್ದು ನನಗಿಂತ ಎಷ್ಟೋ ಭಾರದವರಿಗೆ.

ಕೈಯಿಂದ ಬಗ್ಗಿಸಿ, ಹಿಂಡಿ ನೋಡಿ

ಅಂಗಡಿಯಲ್ಲಿ ಬಾಲವನ್ನು ಮೆತ್ತನೆಯ ಚಾಪೆ ಮೇಲೆ ಊರಿ, ಒಂದು ಕೈಯಲ್ಲಿ ಮೂತಿ ಹಿಡಿದು, ಇನ್ನೊಂದು ಕೈಯಿಂದ ನಡುವೆ ಒತ್ತಿ. ಬೋರ್ಡ್ ಎಲ್ಲಿ ಬಗ್ಗುತ್ತದೆ ನೋಡಿ. ದೊಡ್ಡ ಬೆಟ್ಟಕ್ಕೆ ನಡು ಮತ್ತು ಬಾಲ ಗಟ್ಟಿ ಇರಬೇಕು. ಮೂತಿ ಅವಕ್ಕಿಂತ ಸ್ವಲ್ಪ ಮೆತ್ತಗಿದ್ದರೆ ಪುಡಿ ಹಿಮದಲ್ಲಿ ತಾನೇ ಮೇಲೆ ಏಳುತ್ತದೆ.

ಇನ್ನೊಂದು ಪರೀಕ್ಷೆಯನ್ನು ಜಾಸ್ತಿ ಜನ ಮಾಡುವುದಿಲ್ಲ. ಬಾಲವನ್ನು ಪಾದಗಳ ನಡುವೆ ಹಿಡಿದು, ಮೂತಿಯ ಎರಡು ಬದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಉದ್ದಕ್ಕೆ ಬಗ್ಗುವುದು ಬೇರೆ, ತಿರುಚುವುದು ಬೇರೆ. ಗಟ್ಟಿ ಹಿಮದ ಕಡಿದಾದ ಮುಖವನ್ನು ಅಡ್ಡ ದಾಟುವಾಗ ಕಾಪಾಡುವುದು ತಿರುಚದ ಬೋರ್ಡ್. ತಿರುಚಿಕೊಂಡರೆ ಮುಂಗಾಲಿನ ಎಡ್ಜ್ ಕಚ್ಚಿರುತ್ತದೆ, ಹಿಂಗಾಲಿನದು ಜಾರಿಬಿಡುತ್ತದೆ. ಒಳಗಿನ ಮರದ ಮೇಲೆ ಮೂರು ದಿಕ್ಕಿಗೆ ಹೆಣೆದ ಗಾಜಿನ ನಾರು ಇದ್ದರೆ, ಎರಡು ದಿಕ್ಕಿಗೆ ಹೆಣೆದದ್ದಕ್ಕಿಂತ ತಿರುಚುವುದು ಕಡಿಮೆ. ಕಾರ್ಬನ್ ಪಟ್ಟಿಗಳಿದ್ದರೆ ತೂಕ ಹೆಚ್ಚದೆ ಗಟ್ಟಿತನ ಬರುತ್ತದೆ. ಆದರೆ ಕಾರ್ಬನ್ ಅನ್ನುವ ಪದ ಕೇಳಿಯೇ ದುಡ್ಡು ಕೊಡಬೇಡಿ, ತಿರುಚಿ ನೋಡಿ ಕೊಡಿ.

ಆಕಾರ

ಬೋರ್ಡನ್ನು ಸಮ ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ನಡು ಬಿಲ್ಲಿನ ಹಾಗೆ ಮೇಲೆದ್ದಿದ್ದರೆ ಅದು ಕ್ಯಾಂಬರ್. ದೋಣಿಯ ತಳದ ಹಾಗೆ ನಡು ನೆಲ ಮುಟ್ಟಿ ತುದಿಗಳು ಎದ್ದಿದ್ದರೆ ರಾಕರ್. ಕ್ಯಾಂಬರ್ ಹಿಡಿತ ಕೊಡುತ್ತದೆ, ರಾಕರ್ ತೇಲಿಸುತ್ತದೆ. ನನ್ನ ಮಟ್ಟಿಗೆ ಸರಿಯಾದದ್ದು ಎರಡು ಪಾದಗಳ ಅಡಿ ಕ್ಯಾಂಬರ್, ಮೂತಿಯಲ್ಲಿ ಮಾತ್ರ ರಾಕರ್. ಈಗಿನ ಬಹಳಷ್ಟು ಫ್ರೀರೈಡ್ (ಸಮ ಮಾಡದ ಬೆಟ್ಟದ ಹಿಮಕ್ಕೆ ಮಾಡಿದ) ಬೋರ್ಡ್‌ಗಳು ಇದೇ ಬಗೆಯವು.

ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗ್ ಕೂರುವ ತೂತುಗಳು ನಡುವಿನಿಂದ 2ರಿಂದ 4 ಸೆಂಟಿಮೀಟರ್ ಹಿಂದಕ್ಕೆ ಇರಲಿ. ಬಾಲ ಮೂತಿಗಿಂತ ಸುಮಾರು ಒಂದು ಸೆಂಟಿಮೀಟರ್ ಕಿರಿದಾಗಿದ್ದರೆ ಅದು ಹಿಮದಲ್ಲಿ ಇಳಿದು ಮೂತಿ ಏಳಲು ಬಿಡುತ್ತದೆ. ಬೋರ್ಡಿನ ಪಕ್ಕದ ಅಂಚಿನ ಬಾಗು ಎಂಟು ಮೀಟರ್ ತ್ರಿಜ್ಯಕ್ಕಿಂತ ದೊಡ್ಡದಿದ್ದರೆ ಉದ್ದ ತಿರುವುಗಳಲ್ಲಿ ಸ್ಥಿರವಾಗಿರುತ್ತದೆ. ಮಂಜುಗಡ್ಡೆ ಜಾಸ್ತಿ ಇರುವ ಕಡೆ ಹೋಗುವವರಿಗೆ ಲಿಬ್ ಟೆಕ್ ಕಂಪನಿಯ ಅಲೆಅಲೆಯಾದ ಎಡ್ಜ್ ಹಿಡಿಸಬಹುದು.

ಉದ್ದ: ನೀವು ಹಾರಲು ದಿಬ್ಬಗಳಿರುವ ಸ್ನೋ ಪಾರ್ಕಿನಲ್ಲೋ ಸಾಮಾನ್ಯ ಇಳಿಜಾರಿನಲ್ಲೋ ಬಳಸುವುದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಜಾಸ್ತಿ. ಅಗಲವನ್ನು ಮಾತ್ರ ಅಂದಾಜಿನಲ್ಲಿ ಬಿಡಬೇಡಿ. ನಿಮ್ಮ ಬೂಟನ್ನೇ ಒಯ್ದು, ನೀವು ನಿಲ್ಲುವ ಕೋನದಲ್ಲೇ ಬೋರ್ಡ್ ಮೇಲಿಡಿ. ಬೆರಳ ಕಡೆ, ಹಿಮ್ಮಡಿ ಕಡೆ ಒಂದರಿಂದ ಎರಡು ಸೆಂಟಿಮೀಟರ್ ಹೊರಚಾಚಿದರೆ ಸರಿ. ಅದಕ್ಕಿಂತ ಜಾಸ್ತಿಯಾದರೆ ಬಾಗಿ ತಿರುಗುವಾಗ ಬೂಟು ಹಿಮಕ್ಕೆ ತಾಗಿ ಎಡ್ಜನ್ನೇ ಎತ್ತಿಬಿಡುತ್ತದೆ. ಯುರೋಪಿನ ಅಳತೆಯಲ್ಲಿ 44 ಅಥವಾ ಅದಕ್ಕಿಂತ ದೊಡ್ಡ ಬೂಟಿನವರು ಅಗಲದ ಮಾದರಿ ಕೇಳಿ. ತಳ ಸಿಂಟರ್ಡ್ (ಪ್ಲಾಸ್ಟಿಕ್ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ್ದು) ಆಗಿರಲಿ. ಮೇಣ ಹೀರುತ್ತದೆ, ವೇಗ ಕೊಡುತ್ತದೆ.

ಬೂಟು, ಬೈಂಡಿಂಗ್ ಮರೆಯಬೇಡಿ

ಗಟ್ಟಿ ಬೋರ್ಡ್ ಕೊಂಡು ಹಳೆಯ ಸಡಿಲ ಬೂಟಿನಲ್ಲೇ ಹತ್ತುವವರನ್ನು ಪ್ರತಿ ವರ್ಷ ನೋಡುತ್ತೇನೆ, ಬೇಜಾರಾಗುತ್ತದೆ. ಕಾಲು ಒತ್ತಿದ್ದು ಮೊದಲು ಬೂಟಿಗೆ, ಅಲ್ಲಿಂದ ಬೈಂಡಿಂಗಿಗೆ, ಕೊನೆಗೆ ಎಡ್ಜಿಗೆ ಹೋಗಬೇಕು. ನಡುವೆ ಒಂದು ಮೆತ್ತಗಿದ್ದರೂ ಆ ಬಲ ಅಲ್ಲೇ ಕರಗುತ್ತದೆ. ದುಡ್ಡು ಕಡಿಮೆ ಇದ್ದರೆ ಮೊದಲು ಒಳ್ಳೆಯ ಬೂಟು ಕೊಳ್ಳಿ. ಲೇಸ್ ಕಟ್ಟಿ ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಬೈಂಡಿಂಗ್ ಕೂಡ ಬೋರ್ಡಿನಷ್ಟೇ ಗಟ್ಟಿ ಇರಲಿ. ಮುಂಗಾಲು ಸುಮಾರು 18 ಡಿಗ್ರಿ, ಹಿಂಗಾಲು ಸೊನ್ನೆಯಿಂದ 6 ಡಿಗ್ರಿ ಮುಂದಕ್ಕೆ ಇಟ್ಟು ಶುರು ಮಾಡಿ. ಮೊಣಕಾಲಿಗೆ ಸರಿ ಅನಿಸದಿದ್ದರೆ ಬದಲಿಸಿ.

ಕೊಳ್ಳುವ ಮುಂಚೆ ಇಳಿದು ನೋಡಿ

ಒಳ್ಳೆಯ ಫ್ರೀರೈಡ್ ಬೋರ್ಡಿಗೆ ಅಮೆರಿಕದಲ್ಲಿ ಸುಮಾರು 600ರಿಂದ 900 ಡಾಲರ್ ಆಗುತ್ತದೆ. ಸಿಯಾಟಲ್, ಡೆನ್ವರ್, ವ್ಯಾಂಕೂವರ್ ಕಡೆ ಇರುವ ನಮ್ಮವರಿಗೆ ಅನುಕೂಲ ಜಾಸ್ತಿ. ಅಲ್ಲಿನ ಸ್ಕೀ ತಾಣಗಳಲ್ಲಿ ಡೆಮೊ ದಿನಗಳು ಇರುತ್ತವೆ, ಒಂದೇ ದಿನ ಮೂರು ನಾಲ್ಕು ಬೋರ್ಡ್ ಬದಲಿಸಿ ನೋಡಬಹುದು. ಬೆಂಗಳೂರಿನಿಂದ ಹೋಗುವವರು ಗುಲ್ಮಾರ್ಗ್‌ನಲ್ಲಿ ಸಿಗುವ ಗಟ್ಟಿ ಬೋರ್ಡ್ ಒಂದನ್ನು ಎರಡು ದಿನಕ್ಕೆ ಬಾಡಿಗೆಗೆ ತೆಗೆದುಕೊಂಡು ಆಮೇಲೆ ತೀರ್ಮಾನಿಸಿ. ಮೂರು ಕಡೆ ಪರೀಕ್ಷಿಸಿ: ಗಟ್ಟಿ ಹಿಮದಲ್ಲಿ ವೇಗವಾಗಿ, ಕಾಡಿನಲ್ಲಿ ನಿಧಾನವಾಗಿ, ಮತ್ತು ಸಂಜೆ ಕಾಲು ಸೋತ ಮೇಲೆ. ಆ ಕೊನೆಯದರಲ್ಲೂ ಬೋರ್ಡ್ ನಿಮ್ಮ ಮಾತು ಕೇಳಿದರೆ ಅದನ್ನೇ ಕೊಳ್ಳಿ.

ಹೊಸ ಬೋರ್ಡ್ ಬಂದ ಮೊದಲ ದಿನವೇ ಅಫರ್ವಾಟ್‌ಗೆ ಹೋಗಬೇಡಿ. ಗೊಂಡೋಲಾದ ಮೊದಲ ಹಂತ ನಿಲ್ಲುವ ಕೊಂಗಡೂರಿಯ ಇಳಿಜಾರಿನಲ್ಲಿ ಒಂದು ದಿನ ಕಳೆಯಿರಿ. ಮೇಲಿನ ಬೆಟ್ಟದಲ್ಲಿ ಹಿಮಕುಸಿತ ನಿಜವಾದ ಅಪಾಯ. 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿಯಲ್ಲಿ ರಷ್ಯಾದ ಒಬ್ಬರು ಗುಲ್ಮಾರ್ಗ್‌ನಲ್ಲಿ ಹೀಗೆ ಪ್ರಾಣ ಕಳೆದುಕೊಂಡರು. ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಜೊತೆಗಿರಲಿ. ಅವನ್ನು ಬಳಸಲು ಬರುವ ಜೊತೆಗಾರರೂ ಇರಲಿ. ಎಷ್ಟೇ ಗಟ್ಟಿ ಬೋರ್ಡೂ ಹಿಮಕುಸಿತದಿಂದ ಉಳಿಸುವುದಿಲ್ಲ.

ಜೇಬಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಹೊಸದಾಗಿ ಕೂರಿಸಿದ ಬೈಂಡಿಂಗಿನ ಸ್ಕ್ರೂಗಳು ಮೊದಲ ಇಳಿತದಲ್ಲಿ ಸಡಿಲವಾಗಬಹುದು. ಕೆಳಗೆ ಬಂದ ಕೂಡಲೇ ಎಂಟನ್ನೂ ಒಮ್ಮೆ ಬಿಗಿ ಮಾಡಿ, ಆಮೇಲೆ ಮತ್ತೆ ಗೊಂಡೋಲಾ ಹತ್ತಿ.