ಡ್ರಿಪ್ ಕೆಲಸದವನ ಕಿಸೆಯಲ್ಲಿ ಚಾಕು ಯಾಕೆ

ಚಾಕು ಕಂಡರೆ ಇಷ್ಟ ಅಂತ ದಿನಾ ಕಿಸೆಯಲ್ಲಿಟ್ಟುಕೊಂಡು ಓಡಾಡುವವರು ಕಡಿಮೆ. ನನಗೆ ಗೊತ್ತಿರುವವರಲ್ಲಿ ಜಾಸ್ತಿ ಜನ ಶುರು ಮಾಡಿದ್ದು ಬೇರೆಯವರನ್ನು ಕೇಳಿ ಕೇಳಿ ಬೇಸತ್ತು. ನಾನೂ ಹಾಗೇ. ಕುಷ್ಟಗಿ, ಯಲಬುರ್ಗಾ ಸುತ್ತಮುತ್ತ ಹೊಲಗಳಲ್ಲಿ ಡ್ರಿಪ್, ಅಂದರೆ ಹನಿ ನೀರಾವರಿಯ ಪೈಪು, ಜೋಡಿಸುವುದು ನನ್ನ ಕೆಲಸ. ದಾಳಿಂಬೆ, ಪಪ್ಪಾಯಿ, ಮೆಣಸಿನಕಾಯಿ ತೋಟಗಳು. ಟೂಲ್ ಬ್ಯಾಗು ಯಾವಾಗಲೂ ಫಿಲ್ಟರ್ ಹತ್ತಿರ ಇರುತ್ತದೆ. ಪೈಪು ಸೋರುವುದು ಮಾತ್ರ ಆ ತುದಿಯಲ್ಲಿ. ಅಲ್ಲಿಂದ ಹೊಲದವನನ್ನು ಕೂಗಬೇಕು, "ಯಣ್ಣಾ, ಚಾಕು ಐತೇನು?" ಆತ ಗುಡಿಸಲಿಗೆ ಹೋಗಿ ಕುಡುಗೋಲು ತರುತ್ತಾನೆ. ಮೆಣಸಿನಗಿಡ ಕೊಯ್ಯುವುದಕ್ಕೆ ಅದು ಸರಿ, ಪೈಪಿಗಲ್ಲ.

ನಮ್ಮ ಹುಡುಗರಲ್ಲಿ ಇದಕ್ಕೆ ಮೊದಲಿನಿಂದಲೂ ಒಂದು ಉಪಾಯ ಇದೆ. ಗಡ್ಡ ಮಾಡುವ ಬ್ಲೇಡನ್ನು ಅರ್ಧ ಮುರಿದು, ಕಾಗದದಲ್ಲಿ ಸುತ್ತಿ, ಶರ್ಟಿನ ಕಿಸೆಯಲ್ಲಿ ಇಟ್ಟುಕೊಳ್ಳುವುದು. ದಾರ ಕತ್ತರಿಸಲು ಸಾಕು. ಪೈಪಿಗೆ ಹಾಕಿದರೆ ಬಾಗುತ್ತದೆ, ಬೆರಳಿಗೆ ತಾಗುತ್ತದೆ. ಇನ್ನು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪೇಪರ್ ಕಟ್ಟರ್. ಒಂದು ತುಂಡು ಮುರಿದರೆ ಇನ್ನೊಂದು ಮುಂದೆ ಬರುತ್ತದೆ ಅನ್ನುವುದು ಅದರ ಗುಣ. ಆದರೆ ಆ ಮುರಿದ ತುಂಡು ಹೊಲದಲ್ಲಿ ಬಿದ್ದರೆ ಯಾರ ಕಾಲಿಗೆ ಕಾದಿದೆಯೋ! ಬರಿಗಾಲಲ್ಲಿ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳಿರುತ್ತಾರೆ. ಅದಕ್ಕೇ ನಾನು ಹೊಲದೊಳಗೆ ಕಟ್ಟರ್ ಬೇಡ ಅನ್ನುತ್ತೇನೆ.

ಪೈಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಗಿಡದ ಸಾಲುಗಳಲ್ಲಿ ಎಳೆಯುವ ಸಣ್ಣ ಪೈಪು, ಅಂದರೆ ಲ್ಯಾಟರಲ್, ಹೆಚ್ಚಾಗಿ 16 ಎಂಎಂ ಇರುತ್ತದೆ. ಅದನ್ನು ನೇರಕ್ಕೆ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿ, ಎರಡು ತುಂಡು ಕೂಡಿಸುವ ಜಾಯಿನರ್ ತುರುಕಿದರೆ ಒಂದು ಬದಿ ಒಳಗೆ ಕೂರುತ್ತದೆ, ಇನ್ನೊಂದು ಬದಿ ಅರ್ಧಕ್ಕೇ ನಿಲ್ಲುತ್ತದೆ. ಮೋಟರ್ ಹಾಕಿದಾಗ ಮೊದಲು ಏನೂ ಕಾಣುವುದಿಲ್ಲ. ಪ್ರೆಷರ್ ಏರಿದ ಮೇಲೆ ಅಲ್ಲಿಂದ ನೀರು ಚಿಮ್ಮುತ್ತದೆ. ಇನ್‌ಲೈನ್ ಪೈಪಾದರೆ ನೀರು ಹನಿಸುವ ಡ್ರಿಪ್ಪರ್ ಪೈಪಿನ ಒಳಗೇ ಕೂತಿರುತ್ತದೆ. ಅದರ ಮೇಲೆ ಕತ್ತರಿಸಿದರೆ ಜಾಯಿನರ್ ಒಳಗೆ ಹೋಗುವುದೇ ಇಲ್ಲ. ಬೆರಳಿಂದ ಸವರಿ, ಗಟ್ಟಿ ಎಲ್ಲಿದೆ ನೋಡಿ, ಎರಡು ಡ್ರಿಪ್ಪರ್ ನಡುವೆ ಚಾಕು ಇಡಬೇಕು. ಸಾಲುಗಳಿಗೆ ನೀರು ಹಂಚುವ ದಪ್ಪ ಪೈಪು, ಸಬ್‌ಮೇನ್ ಪಿವಿಸಿಗೆ ಚಾಕು ನಡೆಯುವುದಿಲ್ಲ, ಅದು ಗರಗಸದ ಕೆಲಸ. ಆದರೆ ಲ್ಯಾಟರಲ್ ಜೋಡಿಸಲು ಅದಕ್ಕೆ ಡ್ರಿಲ್ ಹಾಕಿದ ತೂತಿನ ಅಂಚಲ್ಲಿ ಸಿಬಿರು ಉಳಿಯುತ್ತದೆ. ಅದನ್ನು ಚಾಕುವಿನಿಂದ ಕೆರೆದು ತೆಗೆಯದೆ ಗ್ರೋಮೆಟ್ ಅನ್ನುವ ರಬ್ಬರ್ ಬಳೆ ಕೂರಿಸಿದರೆ ಆ ಸಿಬಿರೇ ರಬ್ಬರನ್ನು ಸೀಳುತ್ತದೆ.

ಬೇಸಿಗೆಯಲ್ಲಿ ರೈತರ ಕಿಸೆಯಲ್ಲೂ ಚಾಕು ಬರುವುದಕ್ಕೆ ಅಳಿಲು ಮತ್ತು ಇಲಿ ಕಾರಣ. ನೀರಿಲ್ಲದ ಕಾಲದಲ್ಲಿ ಅವು ಪೈಪು ಕಡಿಯುತ್ತವೆ. ದಿನಾ ಬೆಳಿಗ್ಗೆ ಒಂದೊಂದು ಸಾಲು ಸುತ್ತಿ ಸೋರುವ ಕಡೆ ಕತ್ತರಿಸಿ ಜಾಯಿನರ್ ಹಾಕಬೇಕು. ಅಷ್ಟಕ್ಕೆ ನನಗೆ ಫೋನ್ ಮಾಡುವುದು ಬೇಡ, ನಾಲ್ಕು ಜಾಯಿನರ್, ಒಂದು ಚಾಕು ಕಿಸೆಯಲ್ಲಿ ಇಟ್ಟುಕೊಳ್ಳಿ ಅಂತ ನಾನೇ ಹೇಳುತ್ತೇನೆ.

ಊರ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಅವರ ಎಲೆ ಅಡಿಕೆ ಸಂಚಿಯಲ್ಲಿ ಅಡಕೊತ್ತು ಇರುತ್ತಿತ್ತು. ಮುಳ್ಳು ಕೀಳುವ ಚಿಮಟ ಉಡಿದಾರಕ್ಕೋ ಕೀಲಿ ಗೊಂಚಲಿಗೋ ತೂಗುತ್ತಿತ್ತು. ಬಳ್ಳಾರಿ ಜಾಲಿ ಇರುವ ಸೀಮೆಯಲ್ಲಿ ಚಿಮಟ ಇಲ್ಲದೆ ನಡೆಯುವುದಾದರೂ ಹೇಗೆ? ಕುರಿ ಕಾಯುವವರ ಹತ್ತಿರ ಈಗಲೂ ಕೇಳಿ ನೋಡಿ, ಕುರಿಯ ಗೊರಸು ಕೆತ್ತಲು, ಬೇವಿನ ಕಡ್ಡಿ ಸವರಲು ಒಂದು ಅಲಗು ಇದ್ದೇ ಇರುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಯುವವರಿಗೆ ದಾರ ಕತ್ತರಿಸುವ ಚಿಕ್ಕ ಕತ್ತರಿ ಕೈಗೆ ಅಂಟಿಕೊಂಡೇ ಇರುತ್ತದೆ. ಯಾರ ಕೆಲಸಕ್ಕೆ ಏನು ಬೇಕೋ ಅದು ಅವರ ಮೈಮೇಲೆ.

ಹೊರದೇಶದ ಕಥೆಯೂ ಇದೇ. ಕೆಂಪು ಹಿಡಿಕೆಯ ಸ್ವಿಸ್ ಚಾಕು ಎಲ್ಲರೂ ನೋಡಿರುತ್ತೀರಿ. ಸ್ವಿಸ್ ಸೇನೆ ತನ್ನ ಸೈನಿಕರಿಗೆ ಮಡಚುವ ಚಾಕು ಬೇಕು ಅಂದದ್ದು ಹೊಡೆದಾಟಕ್ಕಲ್ಲ. ಡಬ್ಬಿಯಲ್ಲಿ ಬರುವ ಊಟ ತೆರೆಯಬೇಕಿತ್ತು, ಹೊಸ ರೈಫಲ್ಲಿನ ಸ್ಕ್ರೂ ಬಿಚ್ಚಬೇಕಿತ್ತು. ಮೊದಲ ಚಾಕುಗಳು ಜರ್ಮನಿಯ ಸೋಲಿಂಗನ್‌ನಿಂದ ಬಂದವು. ಈಬಾಖ್ ಎಂಬ ಊರಿನಲ್ಲಿ 1884ರಲ್ಲಿ ಕಾರ್ಖಾನೆ ಶುರು ಮಾಡಿದ್ದ ಕಾರ್ಲ್ ಎಲ್ಸೆನರ್ 1891ರಿಂದ ಸೇನೆಗೆ ಕೊಡತೊಡಗಿದ. 1897ರಲ್ಲಿ ಹಗುರವಾದ ಅಧಿಕಾರಿಗಳ ಚಾಕು ಮಾಡಿದ. ತಾಯಿ ವಿಕ್ಟೋರಿಯಾ ಹೆಸರನ್ನು ಕಂಪನಿಗೆ ಇಟ್ಟ, ಆಮೇಲೆ ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ಹೆಸರು 'ಇನಾಕ್ಸ್' ಕೂಡ ಸೇರಿ ವಿಕ್ಟೋರಿನಾಕ್ಸ್ ಆಯಿತು. ಅದರ ಚಿಕ್ಕದೊಂದು, 58 ಎಂಎಂ ಉದ್ದದ್ದು, ಬಳ್ಳಾರಿಯಲ್ಲಿ ಆಫೀಸ್ ಕೆಲಸ ಮಾಡುವ ನನ್ನ ಭಾವನ ಕೀಲಿ ಗೊಂಚಲಲ್ಲಿದೆ. ಅದರಲ್ಲೂ ಒಂದು ಚಿಮಟ ಇದೆ, ನಮ್ಮಜ್ಜ ನೋಡಿದ್ದರೆ ಖುಷಿ ಪಡುತ್ತಿದ್ದರು. ಕೊರಿಯರ್ ಡಬ್ಬಿ, ದಾರ, ಉಗುರು, ಅಷ್ಟಕ್ಕೆ ಅದು ಸಾಕು. ನನ್ನ ಕೆಲಸಕ್ಕೆ ಅದು ಆಟದ ಸಾಮಾನು.

ನಾನು ಮೊದಲು ತಂದದ್ದು ಕೊಪ್ಪಳದ ಗವಿಮಠದ ಜಾತ್ರೆಯಿಂದ, ಹಿತ್ತಾಳೆ ಹಿಡಿಕೆಯ ಮಡಚುವ ಚಾಕು. ನೋಡಲು ಚೆಂದ. ಅದಕ್ಕೆ ಲಾಕ್ ಇರಲಿಲ್ಲ, ಒಂದು ಸ್ಪ್ರಿಂಗ್ ಪಟ್ಟಿಯ ಬಲದಲ್ಲಿ ಮಾತ್ರ ಅಲಗು ನಿಲ್ಲುತ್ತಿತ್ತು. ಹಣ್ಣು ಹೆಚ್ಚಲು ತೊಂದರೆಯಿಲ್ಲ. ಆದರೆ ತುದಿಯಿಂದ ಚುಚ್ಚಿ ಒತ್ತುವ ಕೆಲಸ ಇದ್ದರೆ ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳ ಮೇಲೇ ಬರಬಹುದು. ಹಾಗಾಗಿ ಅದು ಈಗ ಮನೆಯಲ್ಲಿದೆ. ಕಿಸೆಯಲ್ಲಿರುವುದು ಲೈನರ್ ಲಾಕ್ ಇರುವುದು. ಅಲಗು ಪೂರ್ತಿ ತೆರೆದಾಗ ಹಿಡಿಕೆಯೊಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಮಡಚಬೇಕಾದರೆ ಆ ತಗಡನ್ನು ಹೆಬ್ಬೆರಳಿಂದ ಸರಿಸಬೇಕು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ತಿರುಗಿಸುವ ಉಂಗುರದ ಲಾಕ್ ಇದೆ. ಅದು ಇನ್ನೂ ಸರಳ, 1955ರಿಂದ ಇದೆ. ಆದರೆ ಅದರದ್ದು ಮರದ ಹಿಡಿಕೆ, ನೀರಲ್ಲಿ ಊದಿಕೊಂಡು ಬಿಗಿಯಾಗುತ್ತದೆ. ನೀರಿನ ಕೆಲಸದವನಿಗೆ ಅದು ಹೊಂದುವುದಿಲ್ಲ.

ಅಲಗು ಮೂರು ಇಂಚಿನೊಳಗೆ ಇರಲಿ. ದೊಡ್ಡದು ಬೇಕು ಅನ್ನುವವರು ಕೆಲಸ ಮಾಡಿ ನೋಡಿಲ್ಲ ಅಂತಲೇ ನಾನು ತಿಳಿಯುವುದು. ಚಿಕ್ಕ ಅಲಗಿನ ಮೇಲೆ ಹೆಬ್ಬೆರಳು ಇಟ್ಟು ತುದಿಯನ್ನು ಬೇಕಾದಲ್ಲಿ ನಿಲ್ಲಿಸಬಹುದು. ಉದ್ದ ಅಲಗಲ್ಲಿ ಅದು ಆಗುವುದಿಲ್ಲ.

ಚಾಕು ಇದ್ದ ಮಾತ್ರಕ್ಕೆ ಎಲ್ಲಕ್ಕೂ ಅದನ್ನೇ ಎಳೆಯುವುದೂ ಬೇಡ. ಮಷೀನಿನಲ್ಲಿ ಹೊಲಿದ ಚೀಲದ ಬಾಯಿ ನೋಡಿ, ಅದು ಸರಪಳಿ ಹೊಲಿಗೆ. ಸರಿಯಾದ ತುದಿಯ ದಾರ ಹಿಡಿದು ಎಳೆದರೆ ಸರ್ ಅಂತ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲಿನ ಹಮಾಲರು ಕಣ್ಣು ಮುಚ್ಚಿ ಬಿಚ್ಚುತ್ತಾರೆ. ಚಾಕು ಹಾಕಿ ಸೀಳಿದರೆ ಚೀಲ ಹಾಳು, ಖಾಲಿ ಚೀಲಕ್ಕೂ ಬೆಲೆ ಇದೆಯಲ್ವಾ? ಹಾಗೇ ಹೊಲದಲ್ಲಿ ರೊಟ್ಟಿ ತಿನ್ನುವಾಗ ಉಳ್ಳಾಗಡ್ಡಿಗೆ ಚಾಕು ಹಚ್ಚಬೇಡಿ. ಗುದ್ದಿ ಒಡೆದರೇ ರುಚಿ.

ದಾಳಿಂಬೆ ತೋಟದಲ್ಲಿ ಒಂದು ಎಚ್ಚರ ಬೇಕೇಬೇಕು. ದುಂಡಾಣು ಅಂಗಮಾರಿ ನಮ್ಮ ಭಾಗದ ದಾಳಿಂಬೆ ಬೆಳೆಗಾರರನ್ನು ಎಷ್ಟು ಅಳಿಸಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಎಲೆ ಮೇಲೆ, ಕಾಯಿ ಮೇಲೆ ಕಪ್ಪು ಚುಕ್ಕೆ, ಆಮೇಲೆ ಕಾಯಿ ಸೀಳುತ್ತದೆ. ಮಳೆಹನಿಯಿಂದ ಹರಡುವ ಹಾಗೆ ಕತ್ತರಿ, ಚಾಕುವಿನಿಂದಲೂ ಈ ರೋಗ ಗಿಡದಿಂದ ಗಿಡಕ್ಕೆ ಹೋಗುತ್ತದೆ. ನಾನು ಬೆಳಿಗ್ಗೆ ಒಬ್ಬರ ತೋಟ, ಮಧ್ಯಾಹ್ನ ಇನ್ನೊಬ್ಬರ ತೋಟ ಸುತ್ತುವವನು. ಪೈಪಿಗೆ ಅಡ್ಡ ಬಂದ ರೆಂಬೆಯನ್ನು ಸುಮ್ನೆ ಕತ್ತರಿಸಿ ಮುಂದೆ ಹೋಗುವುದು ಸುಲಭ. ಒಬ್ಬ ಹಿರಿಯ ಬೆಳೆಗಾರರು ಮೊದಲ ದಿನವೇ ಹೇಳಿದ್ದರು, "ತಮ್ಮಾ, ನಿನ್ನ ಚಾಕು ಪೈಪಿಗೆ ಎಷ್ಟರ ಹಚ್ಚು, ನನ್ನ ಗಿಡಕ್ಕ ಹಚ್ಚಬ್ಯಾಡ." ಅವತ್ತಿನಿಂದ ಅದೇ ನಿಯಮ. ರೆಂಬೆ ತೆಗೆಯಲೇಬೇಕಾದರೆ ಅವರ ಕತ್ತರಿ, ಅವರ ಕೈ. ಅವರೂ ಗಿಡದಿಂದ ಗಿಡಕ್ಕೆ ಹೋಗುವಾಗ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಕತ್ತರಿ ಅದ್ದುತ್ತಾರೆ.

ಗೊಬ್ಬರದ್ದು ಇನ್ನೊಂದು ರಗಳೆ. ಡ್ರಿಪ್ ನೀರಿಗೆ ಗೊಬ್ಬರ ಬೆರೆಸುವ ವೆಂಚುರಿಗೆ ಹಾಕುವ 19:19:19 ಗೊಬ್ಬರದ ಚೀಲ ಕತ್ತರಿಸಿದ ಅಲಗನ್ನು ಹಾಗೇ ಮಡಚಿ ಕಿಸೆಗೆ ಹಾಕಿದರೆ ಆ ಉಪ್ಪು, ಮೈಬೆವರು ಎರಡೂ ಸೇರಿ ಬುಡದಲ್ಲಿ ತುಕ್ಕು ಹಿಡಿಸುತ್ತವೆ. ಸ್ಟೇನ್‌ಲೆಸ್ ಅಂದರೂ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಬಿಡಬೇಕು. ಹಾಗೇ ಬೆಳೆಗೆ ಹೊಡೆಯುವ ಔಷಧಿಯ ಪ್ಯಾಕೆಟ್ ಕತ್ತರಿಸಿದ ಚಾಕುವಿನಿಂದ ಸೌತೆಕಾಯಿ ಹೆಚ್ಚುವುದು ಬೇಡವೇ ಬೇಡ, ತೊಳೆದಿದ್ದರೂ ಬೇಡ. ತಿನ್ನುವುದಕ್ಕೆ ನನ್ನ ಊಟದ ಚೀಲದಲ್ಲಿ ಬೇರೆ ಚಾಕು ಇದೆ.

ಮಸೆಯುವುದು ಎಲ್ಲರೂ ಬಿಡುವ ಕೆಲಸ. ಮೊಂಡು ಚಾಕುವೇ ಹೆಚ್ಚು ಅಪಾಯ, ಬಲ ಹಾಕಿ ಒತ್ತುತ್ತೀರಿ, ಜಾರಿದಾಗ ಆ ಬಲ ಕೈಗೇ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಬದಿಯ ಮಸೆಗಲ್ಲು ಸಿಗುತ್ತದೆ, ಒಂದು ಕಡೆ ಒರಟು, ಇನ್ನೊಂದು ಕಡೆ ನುಣುಪು. ಕೋನ ಹಿಡಿಯಲು ಸುಲಭ ದಾರಿ ಇದೆ. ಅಲಗನ್ನು ಕಲ್ಲಿಗೆ ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅದರ ಅರ್ಧಕ್ಕೆ ಬಾಗಿಸಿ. 90, 45, ಸುಮಾರು 22 ಡಿಗ್ರಿ. ಅಲ್ಲಿಂದ ಕೂದಲೆಳೆಯಷ್ಟು ಕಡಿಮೆ ಮಾಡಿ ಮಸೆಯಿರಿ, ಎರಡೂ ಬದಿ ಸಮ. ಹೊಲದಲ್ಲಿ ಕಲ್ಲು ಇಲ್ಲದಿದ್ದರೆ ಪಿಂಗಾಣಿ ಚಹಾ ಕಪ್ಪನ್ನು ಬೋರಲು ಹಾಕಿ, ತಳದ ಒರಟು ಅಂಚಿಗೆ ನಾಲ್ಕು ಸಲ ಎಳೆದರೂ ನಡೆಯುತ್ತದೆ. ಸಾಣೆ ಚಕ್ರದವರಿಗೆ ಕೊಡುವುದಾದರೆ ಪಕ್ಕದಲ್ಲೇ ನಿಲ್ಲಿ. ಅಲಗಿನ ತುದಿ ಕಾಯ್ದು ನೀಲಿ ಬಣ್ಣ ಬಂತೆಂದರೆ ಹದ ಹೋಯಿತು ಅಂತಲೇ ಲೆಕ್ಕ, ಕಮ್ಮಾರರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ನಮ್ಮ ಮನೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲಕ್ಕಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಕೊಟ್ಟರೆ ಜಗಳ ಆಗುತ್ತದೆ ಅಂತ ಅವ್ವನ ನಂಬಿಕೆ. ಜಗಳದ ಮಾತು ಬಿಡಿ, ಬೆರಳು ಉಳಿಯುತ್ತದೆ. ನಾನು ಹುಡುಗರಿಗೂ ಅದನ್ನೇ ಕಲಿಸಿದ್ದೇನೆ, ಮಡಚಿ ಇಡು, ಅವನು ತೆಗೆದುಕೊಳ್ಳಲಿ. ಆಯುಧ ಪೂಜೆ ದಿನ ಅವ್ವ ಇದಕ್ಕೂ ಕುಂಕುಮ ಹಚ್ಚುತ್ತಾಳೆ. ಮರುದಿನ ಒರೆಸುವುದು ನನ್ನ ಪಾಲು.

ಈಗ ಕೆಲವು ಹುಡುಗರು ಆನ್‌ಲೈನಲ್ಲಿ ಬಟನ್ ಒತ್ತಿದರೆ ಹಾರುವ ಚಾಕು ತರಿಸುತ್ತಾರೆ. ರಕ್ಷಣೆಗೆ ಅನ್ನುತ್ತಾರೆ. ಯಾರಿಂದ ರಕ್ಷಣೆ? ಢಾಬಾದಲ್ಲಿ ಮಾತಿಗೆ ಮಾತು ಬೆಳೆದಾಗ ಕಿಸೆಯಲ್ಲಿ ಅದು ಇರುವುದೇ ಕುತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೈಯಿಂದ ಹೊಡೆದು ಸಣ್ಣ ಗಾಯವಾದರೆ 115ನೇ ಕಲಂ, ಒಂದು ವರ್ಷದವರೆಗೆ ಶಿಕ್ಷೆ. ಅದೇ ಗಾಯ ಚಾಕುವಿನಿಂದ ಆದರೆ 118ನೇ ಕಲಂ, ಮೂರು ವರ್ಷದವರೆಗೆ. ಅಂಥ ಕಾರಣಕ್ಕೆ ಚಾಕು ಬೇಕಾದವರು ನನ್ನನ್ನು ಸಲಹೆ ಕೇಳಬೇಡಿ.

ಇನ್ನು ಇಟ್ಟುಕೊಳ್ಳಬಹುದಾ ಅನ್ನುವ ಪ್ರಶ್ನೆ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನವು. ಮನೆ, ಒಕ್ಕಲುತನ, ಕೈಗಾರಿಕೆಯ ಕೆಲಸಕ್ಕೆ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಂತ ಎಲ್ಲ ಕಡೆ ಒಯ್ಯಬಹುದು ಅಂತಲ್ಲ. ಚುನಾವಣೆ, ಗಲಾಟೆ ಕಾಲದಲ್ಲಿ ನಿಷೇಧಾಜ್ಞೆ ಬಂದರೆ ಚಾಕುವೂ ಅದರಲ್ಲಿ ಸೇರಿರುತ್ತದೆ. ಆಗ ನನ್ನದು ಬೈಕಿನ ಟೂಲ್ ಬ್ಯಾಗಿನಲ್ಲಿ ಇರುತ್ತದೆ. ಜಾತ್ರೆ ಜನಸಂದಣಿಗೆ, ಕೋರ್ಟಿಗೆ, ಮಕ್ಕಳ ಶಾಲೆಗೆ ಒಯ್ಯುವುದೇ ಇಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿಗೆ ಹಾಕಬೇಕು. ಪೊಲೀಸರು ತಡೆದು ಕೇಳಿದರೆ ಕೆಲಸದ ಹೆಸರು ಹೇಳಿ, ಚೀಲದಲ್ಲಿರುವ ಜಾಯಿನರ್ ತೋರಿಸಿದರೆ ಅವರಿಗೂ ಅರ್ಥವಾಗುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಮೂರು ಕೆಲಸ ಮಾಡಿ. ಅಲಗು ತೆರೆದು ಎಡಬಲಕ್ಕೆ ಅಲ್ಲಾಡಿಸಿ, ಗಡಗಡ ಅಂದರೆ ಬೇಡ. ಮಡಚಿ ತಲೆಕೆಳಗೆ ಹಿಡಿದು ಜಾಡಿಸಿ, ತಾನೇ ತೆರೆದುಕೊಂಡರೆ ಅದು ಕಿಸೆಗೆ ಲಾಯಕ್ಕಲ್ಲ. ಲಾಕ್ ಬಿದ್ದ ಮೇಲೆ ಅಲಗಿನ ಬೆನ್ನನ್ನು ಮರದ ಮೇಜಿಗೆ ಮೆಲ್ಲಗೆ ತಟ್ಟಿ, ಬೆರಳು ಮಡಚುವ ದಾರಿಯಲ್ಲಿ ಇರದ ಹಾಗೆ. ಲಾಕ್ ಜಾರಿದರೆ ಅಲ್ಲೇ ಇಟ್ಟು ಬನ್ನಿ, ಅಂಗಡಿಯವರು ಎಷ್ಟೇ ರೇಟು ಇಳಿಸಿದರೂ.