ಖಾಲಿ ಹೊಟ್ಟೆ ಅಂದರೆ ಉಪವಾಸ ಅಲ್ಲ

ಬಸವನಗುಡಿಯ ಆ ಮನೆಯಲ್ಲಿ ಅಜ್ಜಿ ಕನ್ನಡಕ ಹಾಕಿಕೊಂಡು ನಮ್ಮ ಪುಸ್ತಿಕೆಯ ಮೂರನೇ ಪುಟ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಉಪವಾಸದ ರಕ್ತ ಸಕ್ಕರೆ ಅಂತ ಇದೆಯಲ್ಲಮ್ಮ. ನಾನು ಏಕಾದಶಿ ಬಿಟ್ಟರೆ ಉಪವಾಸ ಮಾಡಲ್ಲ. ಹಾಗಾದ್ರೆ ಹದಿನೈದು ದಿನಕ್ಕೊಂದು ಸಲ ನೋಡಿಕೊಂಡ್ರೆ ಸಾಕಾ?"

ನಾನು ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್. ಮೆಷಿನ್ ಜೊತೆ ಬರುವ ಪುಸ್ತಿಕೆ, ಆ್ಯಪ್‌ನ ಪರದೆ ಮೇಲಿನ ಮಾತು, ಎರರ್ ಬಂದಾಗ ಕಾಣುವ ಸಾಲು, ಇವನ್ನೆಲ್ಲ ಬರೆಯುವುದು ನನ್ನ ಕೆಲಸ. ಆಗ ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಒಂದು ಮೆಷಿನ್‌ಗೆ ಕನ್ನಡ ಪುಸ್ತಿಕೆ ತಯಾರಾಗುತ್ತಿತ್ತು. ಇಂಗ್ಲಿಷಿನದನ್ನು ನಾನೇ ಬರೆದಿದ್ದೆ. ಕನ್ನಡಕ್ಕೆ ಹೊರಗಿನ ಒಂದು ಏಜೆನ್ಸಿ ಮಾಡಿಕೊಟ್ಟಿತ್ತು.

ಆ ಕನ್ನಡ ಪರೀಕ್ಷೆ ಆಗದೆ ಬಂದದ್ದಲ್ಲ. ನಮ್ಮ ಕ್ಷೇತ್ರದಲ್ಲಿ ಒಂದು ಪದ್ಧತಿ ಇದೆ. ಅನುವಾದವನ್ನು ಇನ್ನೊಬ್ಬರ ಕೈಗೆ ಕೊಟ್ಟು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಮೂಲದ ಜೊತೆ ಹೋಲಿಸುತ್ತಾರೆ. ಎರಡೂ ಒಂದೇ ಆದರೆ ಪಾಸು. ಇಂಗ್ಲಿಷಿನ ಫಾಸ್ಟಿಂಗ್ ಕನ್ನಡದಲ್ಲಿ ಉಪವಾಸ ಆಯಿತು. ಉಪವಾಸ ಮತ್ತೆ ಫಾಸ್ಟಿಂಗ್ ಆಯಿತು. ಕಾಗದದ ಮೇಲೆ ಕಿಂಚಿತ್ತೂ ತಪ್ಪಿಲ್ಲ. ನಾನೂ ಸಹಿ ಹಾಕಿದ್ದೆ. ಅಜ್ಜಿ ಕೇಳಿದ ಆ ಪ್ರಶ್ನೆಯ ನಂತರ, ಹೀಗೆ ಪಾಸಾದ ಪದಗಳ ಮೇಲೆಯೇ ನನಗೆ ಜಾಸ್ತಿ ಅನುಮಾನ. ತಪ್ಪು ಪದವನ್ನು ಯಾರಾದರೂ ಹಿಡಿಯುತ್ತಾರೆ. ನಿಘಂಟಿನಲ್ಲಿ ಸರಿಯಾಗಿದ್ದು ಅಡುಗೆಮನೆಯಲ್ಲಿ ಬೇರೆ ಅರ್ಥ ಕೊಡುವ ಪದವನ್ನು ಆಫೀಸಿನಲ್ಲಿ ಕೂತು ಹಿಡಿಯಲು ಆಗುವುದಿಲ್ಲ.

ಜನ ಪುಸ್ತಿಕೆ ಓದಿ ಮೆಷಿನ್ ಹೇಗೆ ಬಳಸುತ್ತಾರೆ ಅಂತ ನೋಡಲು ನಾವು ಐದು ಮನೆಗಳಿಗೆ ಹೋದೆವು. ಬಸವನಗುಡಿ, ಜಯನಗರ, ಮಲ್ಲೇಶ್ವರ. ಎಲ್ಲರೂ ಮೊದಲಿನಿಂದ ಶುಗರ್ ಇರುವವರು, ಮನೆಯಲ್ಲೇ ನೋಡಿಕೊಳ್ಳುವವರು. ಐದು ಜನ ಸಾಕಾ ಅಂತ ಮ್ಯಾನೇಜರ್ ಕೇಳಿದ್ದರು. ಬಳಕೆದಾರರ ಪರೀಕ್ಷೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕವನ್ನು ತೋರಿಸಿದೆ. ಅವರು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರರಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಕಾಣಿಸಿದ್ದವು. ಆ ಲೆಕ್ಕದಲ್ಲಿ ಐದು ಜನರಿಂದ ಸುಮಾರು ಶೇ 85. ಆದರೆ ಅದೇ ನೀಲ್ಸನ್ ಇನ್ನೊಂದು ಮಾತನ್ನೂ ಹೇಳಿದ್ದಾರೆ: ಬಳಸುವವರು ಬೇರೆ ಬೇರೆ ಥರದವರಾದರೆ ಪ್ರತಿ ಗುಂಪನ್ನೂ ಬೇರೆಯಾಗಿ ನೋಡಬೇಕು. ಈ ಮಾತನ್ನು ನಾನು ಆಗ ಹಗುರವಾಗಿ ತೆಗೆದುಕೊಂಡೆ. ಅದರ ಬೆಲೆ ಮುಂದೆ ಗೊತ್ತಾಯಿತು.

ಕೂರುವ ಜಾಗ ತುಂಬಾ ಮುಖ್ಯ. ಮೊದಲ ಮನೆಯಲ್ಲಿ ಎದುರಿಗೆ ಕೂತಿದ್ದೆ. ಅವರು ಪ್ರತಿ ಹೆಜ್ಜೆಗೂ ನನ್ನ ಮುಖ ನೋಡಿ "ಸರೀನಾ?" ಅನ್ನುತ್ತಿದ್ದರು. ನನ್ನ ಹುಬ್ಬು ಅಲ್ಲಾಡಿದರೂ ಅವರಿಗೆ ಉತ್ತರ ಸಿಕ್ಕಿಬಿಡುತ್ತಿತ್ತು. ಆಮೇಲಿನ ಮನೆಗಳಲ್ಲಿ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಕೂತೆ. "ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಮಾಡಿ" ಅಂದರೆ ನಮ್ಮ ಹಿರಿಯರಿಗೆ ಸಂಕೋಚ. "ಪಕ್ಕದ ಮನೆಯವರಿಗೆ ಹೇಳಿಕೊಡ್ತಿದ್ದೀರಿ ಅಂದುಕೊಳ್ಳಿ" ಅಂದೆ. ಮಾತು ತಾನಾಗಿ ಬಂತು.

ಮಲ್ಲೇಶ್ವರದ ನಿವೃತ್ತ ಗುಮಾಸ್ತರೊಬ್ಬರು "ಪರೀಕ್ಷಾ ಪಟ್ಟಿಯನ್ನು ತೆಗೆದುಕೊಳ್ಳಿ" ಎಂಬ ಸಾಲು ಓದಿ ಡಬ್ಬದೊಳಗೆ ಕಾಗದ ಹುಡುಕಿದರು. ಪಟ್ಟಿ ಅಂದರೆ ಲಿಸ್ಟ್ ಅಲ್ವಾ? ಅವರ ಕೈಯಲ್ಲೇ ಇದ್ದ ಬಾಟಲಿಯೊಳಗಿನ, ರಕ್ತದ ಹನಿ ಮುಟ್ಟಿಸುವ ತೆಳು ತುಂಡನ್ನು ತೋರಿಸಿ ಇದಕ್ಕೆ ಏನನ್ನುತ್ತೀರಿ ಅಂತ ಕೇಳಿದೆ. "ಸ್ಟ್ರಿಪ್ಪು" ಅಂದರು. ಐದು ಮನೆಯಲ್ಲಿ ನಾಲ್ಕು ಕಡೆ ಸ್ಟ್ರಿಪ್, ಒಂದು ಕಡೆ ಕಡ್ಡಿ. ಪುಸ್ತಿಕೆಯಲ್ಲಿ ಸ್ಟ್ರಿಪ್ ಅಂತಲೇ ಬರೆದೆವು. ಕನ್ನಡದ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದೆ. ಓದುವವರ ಬಾಯಲ್ಲಿರುವುದೇ ಅವರ ಕನ್ನಡ.

ಜಯನಗರದಲ್ಲಿ ಒಬ್ಬರು ಬಾಳೆಹಣ್ಣು ಹೆಚ್ಚುತ್ತಿದ್ದವರು ಎದ್ದು ಬಂದರು. ಪುಸ್ತಿಕೆ ಓದಿದರು, ಸೆರಗಿಗೆ ಕೈ ಒರೆಸಿಕೊಂಡು ಬೆರಳು ಚುಚ್ಚಿದರು. ಸಂಖ್ಯೆ ನೋಡಿ ಗಾಬರಿಯಾದರು. ಸೋಪು ಹಾಕಿ ಕೈ ತೊಳೆದು ಇನ್ನೊಮ್ಮೆ ನೋಡಿದಾಗ ಅದು ಎಷ್ಟೋ ಕೆಳಗಿತ್ತು. "ಕೈಗಳ ಸ್ವಚ್ಛತೆಯನ್ನು ಖಚಿತಪಡಿಸಿಕೊಳ್ಳಿ" ಅಂತ ನಮ್ಮ ಪುಸ್ತಿಕೆ ಹೇಳಿತ್ತು. ಅವರ ಪ್ರಕಾರ ಕೈ ಸ್ವಚ್ಛವೇ. ಒರೆಸಿಕೊಂಡಿದ್ದರಲ್ಲ! ತೊಳೆಯಲೇಬೇಕು ಯಾಕೆ ಅಂತ ನಾವು ಎಲ್ಲೂ ಹೇಳಿರಲಿಲ್ಲ. ಹೊಸ ಸಾಲು ಹೀಗಾಯಿತು: "ಸೋಪು ಹಾಕಿ ಕೈ ತೊಳೆಯಿರಿ. ಚೆನ್ನಾಗಿ ಒರೆಸಿ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಮೆಷಿನ್ ಶುಗರ್ ಜಾಸ್ತಿ ತೋರಿಸುತ್ತದೆ." ಇಂಗ್ಲಿಷ್ ಪುಸ್ತಿಕೆಯನ್ನೂ ಹಾಗೇ ತಿದ್ದಿದೆ.

ಉಪವಾಸ ಹೋಗಿ "ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ" ಬಂತು. ಇನ್ನೊಂದು ಪದ ಇನ್ನೂ ಆಳದಲ್ಲಿ ಕೂತಿತ್ತು. "ಊಟದ ಎರಡು ಗಂಟೆಯ ನಂತರ" ಅಂತ ಬರೆದಿದ್ದೆವು. ನಮ್ಮ ಕಡೆ ಬೆಳಿಗ್ಗೆ ಇಡ್ಲಿ ತಿಂದರೆ ಅದು ಊಟ ಅಲ್ಲ, ತಿಂಡಿ. ಐವರಲ್ಲಿ ಮೂವರು ಮಧ್ಯಾಹ್ನ ಅನ್ನ ಉಂಡ ಮೇಲೆ ಮಾತ್ರ ನೋಡುತ್ತೇವೆ ಅಂದರು. ಡಾಕ್ಟರ್ ಕೇಳಿದ್ದು ತಿಂಡಿಯ ನಂತರದ ಲೆಕ್ಕ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇತ್ತು, ಹಾಗಾಗಿ ಅಲ್ಲಿ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. "ತಿಂಡಿ ತಿನ್ನಲು ಶುರು ಮಾಡಿದ ಹೊತ್ತಿನಿಂದ 2 ಗಂಟೆ" ಅಂತ ತಿದ್ದಿ, ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಪೀಣ್ಯದಲ್ಲಿ ಕೆಲಸ ಮಾಡುವ, ಹುಬ್ಬಳ್ಳಿ ಕಡೆಯ ಒಬ್ಬರಿಗೆ ತೋರಿಸಿದಾಗ ಅವರು "ತಿಂಡಿ ಅಂದ್ರ ಚುರುಮುರಿ, ಚಕ್ಲಿ ಏನ್ರಿ?" ಅಂದರು. ಅವರಿಗೆ ಬೆಳಗಿನದು ನಾಷ್ಟಾ. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಬೆಂಗಳೂರಿನ ಕನ್ನಡವೇ ಎಲ್ಲರ ಕನ್ನಡ ಅನ್ನಿಸಿಬಿಡುತ್ತದೆ. ಈ ನಗರದಲ್ಲೇ ಅದು ನಿಜವಲ್ಲ. ಇನ್ನೂ ಐದು ಜನರ ಹತ್ತಿರ ಹೋಗಿ ಬಂದೆವು. "ಬೆಳಗಿನ ತಿಂಡಿ ಅಥವಾ ನಾಷ್ಟಾ" ಅಂತ ಬರೆದೆವು.

ಆ್ಯಪ್‌ನಲ್ಲಿ ಬೇರೆಯದೇ ತೊಂದರೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದಿಟ್ಟ ಬಟನ್‌ನಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸಿಹೋಗಿ "ರಕ್ತ" ಎಂಬುದು "ರಕ" ಆಗಿತ್ತು. ಡಿಸೈನರ್ ಸಾಲಿನ ಎತ್ತರ ಹೆಚ್ಚಿಸಿದರು, ಸರಿಹೋಯಿತು. ಇಷ್ಟೆಲ್ಲ ಎಡವಟ್ಟಿಗೆ ಮೂಲ ಕಾರಣ ಏಜೆನ್ಸಿಯಲ್ಲ, ನಾವು ಕಳಿಸಿದ ಎಕ್ಸೆಲ್ ಹಾಳೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಖಾಲಿ ಜಾಗ. ಆ ಪದ ಎಲ್ಲಿ ಕಾಣುತ್ತದೆ, ಯಾರು ಓದುತ್ತಾರೆ, ಓದಿ ಏನು ಮಾಡಬೇಕು ಅಂತ ಅನುವಾದಕರಿಗೆ ಯಾರೂ ಹೇಳಿರಲಿಲ್ಲ. ಈಗ ಆ ಮೂರಕ್ಕೂ ಒಂದೊಂದು ಕಾಲಂ ಇದೆ. ತುಂಬಲು ಎರಡು ದಿನ ಹಿಡಿಯುತ್ತದೆ. ಹಿಡಿಯಲಿ.

ನನ್ನನ್ನು ತುಂಬಾ ಕಾಡಿದ್ದು ಆ ಮನೆಗಳಲ್ಲಿ ಕೊನೆಗೆ ತೋರಿಸಿದ ಚಿತ್ರದ ಕಾರ್ಡು. ಆ ಮೆಷಿನ್‌ನಲ್ಲಿ ಶುಗರ್ 600 ದಾಟಿದರೆ ಪರದೆ ಮೇಲೆ ಎಚ್, ಐ ಎಂಬ ಎರಡು ಇಂಗ್ಲಿಷ್ ಅಕ್ಷರ ಬರುತ್ತದೆ, ಹೈ ಅಂದರೆ ತುಂಬಾ ಜಾಸ್ತಿ ಅಂತ. 20ಕ್ಕಿಂತ ಕೆಳಗೆ ಇಳಿದರೆ ಎಲ್, ಓ, ಲೋ ಅಂದರೆ ತುಂಬಾ ಕಡಿಮೆ ಅಂತ. ಪರದೆಯ ಚಿತ್ರ ತೋರಿಸಿ ಇದೇನು ಅಂತ ಕೇಳಿದೆ. "ಹಾಯ್ ಅಂತಿದೆ, ಆನ್ ಆಯ್ತು ಅಂತ ತಾನೆ?" ಅಂದರು ಒಬ್ಬರು. ಇದರ ವಿವರ ಪುಸ್ತಿಕೆಯ 31ನೇ ಪುಟದಲ್ಲಿತ್ತು: "ಫಲಿತಾಂಶವು ಮಾಪನ ವ್ಯಾಪ್ತಿಯನ್ನು ಮೀರಿದೆ." ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೆಷಿನ್‌ನ ಪರದೆಯನ್ನು ಬದಲಾಯಿಸುವಂತಿರಲಿಲ್ಲ. ಚೀಲದ ಮುಚ್ಚಳದ ಒಳಗೆ ಅಂಟಿಸುವ ಒಂದು ಸ್ಟಿಕ್ಕರ್ ಮಾಡೋಣ ಅಂತ ಹಟ ಹಿಡಿದೆ. ಡಾಕ್ಟರ ಜೊತೆ ಕೂತು ಮಾತು ಬರೆದೆ. ಅದನ್ನು ತೆಗೆದುಕೊಂಡು ಮತ್ತೆ ಬಸವನಗುಡಿಗೆ ಹೋದೆ. ಅಜ್ಜಿ ಕಾಫಿ ಕೊಟ್ಟು, ಎಲ್, ಓ ಇದ್ದ ಸಾಲನ್ನು ಓದಿದರು. "ನಿಮ್ಮ ಶುಗರ್ ತುಂಬಾ ಇಳಿದಿದೆ, ತಕ್ಷಣ ಸಕ್ಕರೆ ತಿನ್ನಿ" ಅಂತಿತ್ತು.

"ಅಷ್ಟು ಇಳಿದಾಗ ನಾನು ಇದನ್ನ ಓದ್ತೀನೇನಮ್ಮ? ಕಣ್ಣು ಮಂಜಾಗಿ ಕೈ ನಡುಗ್ತಿರತ್ತೆ. ಓದೋದು ನನ್ನ ಮೊಮ್ಮಗ."

ಅಲ್ಲೇ ಕೂತು ತಿದ್ದಿದೆ. "ಅವರ ಶುಗರ್ ತುಂಬಾ ಇಳಿದಿದೆ. ಎಚ್ಚರ ಇದ್ದರೆ ಈಗಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ." ಡಾಕ್ಟರಿಗೆ ಫೋನ್ ಮಾಡಿ ಓದಿ ಹೇಳಿದೆ. ಸರಿ ಅಂದರು. ಅಜ್ಜಿ ಮೊಮ್ಮಗನನ್ನು ರೂಮಿನಿಂದ ಕರೆದು ಅವನ ಕೈಯಲ್ಲಿ ಎರಡು ಸಲ ಜೋರಾಗಿ ಓದಿಸಿದರು.