ಸ್ಲೈಡಿನಲ್ಲಿ ರಕ್ತ ಹರಿಸಿದ್ದು: ನನ್ನ ಅನುಭವ

ಹತ್ತನೇ ತರಗತಿಗೆ ಹೃದಯದ ಪಾಠ ಮಾಡುವಾಗ ಮೊದಲೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಬಾಣ ಎಳೆಯುತ್ತಿದ್ದೆ. ಶಾಲೆಗೆ ಪ್ರೊಜೆಕ್ಟರ್ ಬಂದ ವರ್ಷ ಅದನ್ನೇ ಪವರ್‌ಪಾಯಿಂಟ್‌ನಲ್ಲಿ ಮಾಡಿಕೊಂಡೆ. ಕಂಡ ಕಂಡ ಅನಿಮೇಷನ್ ಎಲ್ಲ ಹಾಕಿದ್ದೆ. ಹೆಸರುಗಳು ಹಾರಿ ಬರುತ್ತಿದ್ದವು, ಚಿತ್ರ ಗಿರಗಿರ ತಿರುಗುತ್ತಿತ್ತು. ಮಕ್ಕಳಿಗೆ ಖುಷಿಯೋ ಖುಷಿ.

ಮಾರನೇ ದಿನ ನೋಟ್‌ಬುಕ್ ತಿದ್ದುತ್ತಿದ್ದೆ. ಒಬ್ಬ ಹುಡುಗಿ ಹೃದಯವನ್ನು ಅಚ್ಚುಕಟ್ಟಾಗಿ ಬರೆದಿದ್ದಳು. ಆದರೆ ಬಲ ಹೃತ್ಕುಕ್ಷಿಯಿಂದ (ಕೆಳಗಿನ ಕೋಣೆ) ಬಲ ಹೃತ್ಕರ್ಣಕ್ಕೆ (ಮೇಲಿನ ಕೋಣೆ) ಬಾಣ ಹಾಕಿದ್ದಳು, ಕೆಳಗಿಂದ ಮೇಲಕ್ಕೆ. ರಕ್ತ ಹರಿಯೋದು ಮೇಲಿಂದ ಕೆಳಕ್ಕೆ. "ಯಾಕಮ್ಮಾ ಹೀಗೆ?" ಅಂದೆ. "ಮಿಸ್, ನೀವು ತೋರಿಸಿದಾಗ ಕೆಳಗಿಂದ್ಲೇ ಬಂತಲ್ವಾ?" ಅಂದಳು.

ಮನೆಗೆ ಹೋಗಿ ಸ್ಲೈಡ್ ತೆರೆದು ನೋಡಿದೆ. ಅವಳು ಹೇಳಿದ್ದು ನಿಜ. ಬಾಣಕ್ಕೆ ವೈಪ್ ಹಾಕಿದ್ದೆ, ಅಂದರೆ ವಸ್ತುವನ್ನು ಒಂದು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಮೂಡಿಸುವ ಅನಿಮೇಷನ್. ನಾವಾಗಿ ಬದಲಿಸದಿದ್ದರೆ ವೈಪ್ ಕೆಳಗಿನಿಂದ ಶುರುವಾಗುತ್ತದೆ. ಬಾಣದ ಮೊನೆ ಕೆಳಗಿದ್ದದ್ದರಿಂದ ಮೊದಲು ಮೊನೆ ಕಾಣಿಸಿ, ಆಮೇಲೆ ಗೆರೆ ಮೇಲಕ್ಕೆ ಹತ್ತುತ್ತಿತ್ತು. ಮಗುವಿನ ಕಣ್ಣು ಮೊನೆಯನ್ನು ನೋಡಲಿಲ್ಲ, ಚಲನೆಯ ಹಿಂದೆ ಹೋಯಿತು. ಅವತ್ತು ನನಗೆ ತುಂಬಾ ಬೇಜಾರಾಯಿತು. ತಪ್ಪು ಕಲಿಸಿದ್ದು ನನ್ನ ಸ್ಲೈಡೇ.

ರಾತ್ರಿಯೇ ಕೂತು ಎಲ್ಲ ಅನಿಮೇಷನ್ ಅಳಿಸಿದೆ. ರಕ್ತ ಚಲಿಸುವ ಕಡೆ ಮಾತ್ರ ಸ್ಲೈಡಿನಲ್ಲಿ ಚಲನೆ ಇರಲಿ ಅಂತ ತೀರ್ಮಾನ ಮಾಡಿದೆ. ಎಫೆಕ್ಟ್ ಆಪ್ಷನ್ಸ್‌ನಲ್ಲಿ ಒಂದೊಂದು ಬಾಣಕ್ಕೂ ರಕ್ತ ಹರಿಯುವ ದಿಕ್ಕನ್ನೇ ಕೊಟ್ಟೆ. ಅರ್ಧ ಸೆಕೆಂಡು ಇದ್ದ ಅವಧಿಯನ್ನು 1.5 ಸೆಕೆಂಡಿಗೆ ಏರಿಸಿದೆ. ಶ್ವಾಸಕೋಶದ ಕಡೆ ಹೋಗುವ ಬಾಣ ಮೇಲೆ ಹೋಗಿ ಪಕ್ಕಕ್ಕೆ ತಿರುಗುತ್ತದೆ, ಅದಕ್ಕೆ ಒಂದೇ ವೈಪ್ ಸಾಲದು. ಎರಡು ತುಂಡು ಮಾಡಿ, ಎರಡನೆಯದಕ್ಕೆ 'ಆಫ್ಟರ್ ಪ್ರೀವಿಯಸ್' (ಮೊದಲಿನದು ಮುಗಿದ ಕೂಡಲೇ ತಾನೇ ಶುರುವಾಗುವುದು) ಕೊಟ್ಟೆ. ಒಂದು ನೀಲಿ ಚುಕ್ಕೆಯನ್ನು ಮೋಷನ್ ಪಾತ್ (ನಾವು ಎಳೆದ ದಾರಿಯಲ್ಲಿ ವಸ್ತು ಚಲಿಸುವ ಅನಿಮೇಷನ್) ಹಾಕಿ ಶ್ವಾಸಕೋಶಕ್ಕೆ ಕಳಿಸಿದೆ. ಅಲ್ಲಿ ನೀಲಿ ಮಾಯವಾಗಿ ಕೆಂಪು ಚುಕ್ಕೆ ಮೂಡುತ್ತದೆ. (ನೀಲಿ ಬರೀ ಗುರುತಿಗೆ, ನಿಜವಾದ ರಕ್ತ ಅಲ್ಲೂ ಕಡುಗೆಂಪೇ ಅಂತ ಪ್ರತಿ ಸಲ ಬಾಯಿಬಿಟ್ಟು ಹೇಳುತ್ತೇನೆ.)

ಮಾರ್ಫ್ ಕೂಡ ಪ್ರಯತ್ನಿಸಿದೆ, ಅಂದರೆ ಒಂದು ಸ್ಲೈಡಿನ ವಸ್ತು ಮುಂದಿನ ಸ್ಲೈಡಿನ ತನ್ನ ಜಾಗಕ್ಕೆ ತಾನೇ ಸರಿದು ಹೋಗುವ ಪರಿಣಾಮ. ನನ್ನ ಲ್ಯಾಪ್‌ಟಾಪಿನಲ್ಲಿ ಚುಕ್ಕೆ ಚೆನ್ನಾಗಿ ಜಾರಿಕೊಂಡು ಹೋಯಿತು. ಶಾಲೆಯ ಕಂಪ್ಯೂಟರಿನಲ್ಲಿ ಹಳೇ ಆವೃತ್ತಿ, ಚುಕ್ಕೆ ಜಾರದೆ ಸ್ಲೈಡ್ ಬರೀ ಫೇಡ್ ಆಗಿ (ಮಸುಕಾಗಿ) ಬದಲಾಯಿತು. ಬಿಟ್ಟುಬಿಟ್ಟೆ.

ಇನ್ನೊಂದು ತೊಂದರೆ ಇತ್ತು. ಐದಾರು ಸ್ಲೈಡ್ ಆಗುವಷ್ಟರಲ್ಲಿ ಹಿಂದಿನ ಬೆಂಚಿನ ಮಕ್ಕಳಿಗೆ ಎಲ್ಲಿದ್ದೇವೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಹೃದಯದ ಬಲಭಾಗ ಚಿತ್ರದಲ್ಲಿ ಎಡಕ್ಕಿರುತ್ತದೆ ನೋಡಿ, ಗೊಂದಲ ಜಾಸ್ತಿ. ಅದಕ್ಕೆ ಪ್ರತಿ ಸ್ಲೈಡಿನ ಕೆಳಗೂ ಒಂದೇ ಜಾಗದಲ್ಲಿ ಒಂದು ಪಟ್ಟಿ ಹಾಕಿದೆ: ದೇಹ, ಬಲಭಾಗ, ಶ್ವಾಸಕೋಶ, ಎಡಭಾಗ, ಮತ್ತೆ ದೇಹ. ನಾವಿರುವ ಜಾಗ ಹಳದಿ, ಉಳಿದದ್ದು ಬೂದು. ಪ್ರತಿ ಚೌಕಕ್ಕೂ ಆಯಾ ಸ್ಲೈಡಿನ ಲಿಂಕ್ ಇದೆ. ಲಿಂಕನ್ನು ಅಕ್ಷರಕ್ಕೆ ಕೊಡಬೇಡಿ, ಬಣ್ಣ ಬದಲಾಗಿ ಅಡಿಗೆರೆ ಬರುತ್ತದೆ. ಚೌಕಕ್ಕೇ ಕೊಡಿ. ಚೌಕ ದೊಡ್ಡದಿರಲಿ. ಗುರಿ ತಪ್ಪಿ ಪಕ್ಕದಲ್ಲಿ ಒತ್ತಿದರೆ ಸ್ಲೈಡ್ ಸುಮ್ನೆ ಮುಂದೆ ಹೋಗಿಬಿಡುತ್ತದೆ.

ಟ್ರಾನ್ಸಿಷನ್ (ಸ್ಲೈಡಿನಿಂದ ಸ್ಲೈಡಿಗೆ ಹೋಗುವಾಗಿನ ಚಲನೆ) ಎರಡೇ ಕಡೆ ಉಳಿಸಿಕೊಂಡೆ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವಾಗ ಬಲದಿಂದ ಪುಶ್ (ಹೊಸ ಸ್ಲೈಡ್ ಹಳೆಯದನ್ನು ತಳ್ಳಿಕೊಂಡು ಬರುವುದು), ವಾಪಸ್ ಬರುವಾಗ ಎಡದಿಂದ ಪುಶ್. ಹೋಗಿ ಬಂದೆವು ಅನ್ನೋದು ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ.

ಈಗ ಪ್ರತಿ ಬಾಣಕ್ಕೂ ಮೊದಲು ಕೀಬೋರ್ಡಿನಲ್ಲಿ 'ಬಿ' ಒತ್ತುತ್ತೇನೆ. ಪರದೆ ಕಪ್ಪಾಗುತ್ತದೆ. "ಇಲ್ಲಿಂದ ರಕ್ತ ಎಲ್ಲಿಗೆ?" ಅಂತ ಕೇಳುತ್ತೇನೆ. ಉತ್ತರ ಬಂದ ಮೇಲೆ ಮತ್ತೆ 'ಬಿ', ಆಮೇಲೆ ಬಾಣ.

ಪಾಠ ಮುಗಿದ ಮೇಲೆ ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಅದರಲ್ಲಿ ಅನಿಮೇಷನ್ ಇರಲ್ಲ, ಒಂದರ ಮೇಲೊಂದು ಬರುವ ವಸ್ತುಗಳೆಲ್ಲ ಒಟ್ಟಿಗೇ ಕಾಣುತ್ತವೆ. ಹಾಗಾಗಿ ಆ ಪ್ರತಿಯಲ್ಲಿ ಚುಕ್ಕೆಗಳನ್ನು ತೆಗೆದು, ಬಾಣಗಳ ಪಕ್ಕ 1, 2, 3 ಅಂತ ಬರೆದಿರುತ್ತೇನೆ.